ಸಂಪಾಜೆ ಘಾಟಿ ಇಳಿಯೋಕೆ ಯಾವ ರಿಮ್ ಬ್ರೇಕ್? ಬಳಸಿದವರು ಹೇಳಿ

ಕೇಳಿದವರು, ಮಡಿಕೇರಿ

ನನ್ನ ರೋಡ್ ಸೈಕಲ್‌ನಲ್ಲಿ ಶಿಮಾನೋ 105 ಆರ್7000 ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವುದು) ಇದೆ. ಡಿಸ್ಕ್‌ಗೆ ಹೋಗಬೇಕಂದ್ರೆ ಫ್ರೇಮು, ಫೋರ್ಕು, ಚಕ್ರ ಎಲ್ಲಾ ಬದಲಾಯಿಸಬೇಕು, ಅದು ಬೇಡ. ಆದರೆ ಮಳೆಯಲ್ಲಿ ಸಂಪಾಜೆ ಕಡೆ ಇಳಿಯುವಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ, ಕೆಳಗೆ ತಲುಪುವಷ್ಟರಲ್ಲಿ ಬೆರಳು ಸೋತಿರುತ್ತವೆ. ಶಿಮಾನೋದ್ದೇ ಡ್ಯುರಾ-ಏಸ್, ಕ್ಯಾಂಪಗ್ನೋಲೋ ಸೂಪರ್ ರೆಕಾರ್ಡ್, ಕೇನ್ ಕ್ರೀಕ್ ಈಬ್ರೇಕ್ ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು? ರಿಮ್ ಅಲ್ಯೂಮಿನಿಯಂ, ಟೈರ್ ಅಗಲ 25 ಮಿಲಿಮೀಟರ್.

ಕುಶಾಲನಗರದಿಂದ

ನಾನು ಆರ್7000 ತೆಗೆದು ಡ್ಯುರಾ-ಏಸ್ ಆರ್9100 ಹಾಕಿಕೊಂಡವನು. ಒಣ ರಸ್ತೆಯಲ್ಲಿ ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ. ಜೋರಾಗಿ ಎಳೆದರೂ ಬ್ರೇಕಿನ ತೋಳು ಬಾಗಿದ ಹಾಗೆ ಅನಿಸುವುದಿಲ್ಲ, ಎಷ್ಟು ಹಿಡಿಯುತ್ತಿದೆ ಅಂತ ಬೆರಳಿಗೇ ತಿಳಿಯುತ್ತದೆ. ಆದರೆ ನೀವು ಕೇಳುತ್ತಿರುವುದು ಮಳೆಯ ಮಾತು. ಒದ್ದೆ ರಿಮ್ ಮೇಲೆ ಪ್ಯಾಡ್ (ಬ್ರೇಕಿನ ರಬ್ಬರ್ ತುಂಡು) ಮೊದಲು ನೀರು ಒರೆಸಬೇಕು, ಆಮೇಲೆ ತಾನೇ ಹಿಡಿಯೋದು. ಆ ಮೊದಲ ಒಂದೆರಡು ಸುತ್ತಿನ ಜಾರುವಿಕೆ ಡ್ಯುರಾ-ಏಸ್‌ನಲ್ಲೂ ಹಾಗೇ ಇದೆ.

ಹಾಗಾಗಿ ಮೊದಲು ಪ್ಯಾಡ್ ನೋಡಿ. ಅಲ್ಯೂಮಿನಿಯಂ ರಿಮ್‌ಗೆ ಕೂಲ್-ಸ್ಟಾಪ್‌ನ ಸಾಲ್ಮನ್ ಬಣ್ಣದ ಪ್ಯಾಡ್, ಇಲ್ಲವೇ ಸ್ವಿಸ್‌ಸ್ಟಾಪ್ ಬಿಎಕ್ಸ್‌ಪಿ ಹಾಕಿ. ಇವೆರಡೂ ಶಿಮಾನೋ ಹೋಲ್ಡರ್‌ಗೆ ಕೂರುವ ಹಾಗೆ ಸಿಗುತ್ತವೆ, ಹಳೆಯದನ್ನು ಜಾರಿಸಿ ತೆಗೆದು ಹೊಸದನ್ನು ತೂರಿಸಿದರೆ ಮುಗೀತು. ಕ್ಯಾಂಪಗ್ನೋಲೋ ಹೋಲ್ಡರ್ ಅಳತೆ ಬೇರೆ, ಆರ್ಡರ್ ಮಾಡುವಾಗ ಅದನ್ನು ಗಮನಿಸಿ.

ಈಗಿರುವ ಪ್ಯಾಡನ್ನು ಒಮ್ಮೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಕಪ್ಪು ರಬ್ಬರ್ ಒಳಗೆ ಬೆಳ್ಳಿ ಚೂರುಗಳು ಮಿನುಗುತ್ತಿದ್ದರೆ ಅವು ನಿಮ್ಮ ರಿಮ್‌ನಿಂದಲೇ ಕಿತ್ತು ಬಂದವು. ನಮ್ಮ ಕೆಂಪು ಮಣ್ಣಿನ ಕೆಸರು ರಿಮ್‌ಗೆ ಅಂಟಿತೆಂದರೆ ಉಪ್ಪು ಕಾಗದದ ಕೆಲಸವನ್ನೇ ಮಾಡುತ್ತದೆ. ಮಳೆಗಾಲದಲ್ಲಿ ಓಡಿಸಿದ ಮೇಲೆ ರಿಮ್ ತೊಳೆದು, ಆ ಚೂರುಗಳನ್ನು ಪಿನ್ನಿನಿಂದ ಕಿತ್ತು, ಪ್ಯಾಡ್ ಮುಖವನ್ನು ಸ್ವಲ್ಪ ಉಜ್ಜಬೇಕು. ಬೇಜಾರಿನ ಕೆಲಸ, ನಿಜ. ಆದರೆ ಇದು ಮಾಡದೆ ಇದ್ದರೆ ಯಾವ ದುಬಾರಿ ಕ್ಯಾಲಿಪರ್ (ಪ್ಯಾಡ್ ಹಿಡಿದು ರಿಮ್ ಒತ್ತುವ ತೋಳುಗಳ ಜೋಡಣೆ) ಹಾಕಿದರೂ ಕರಕರ ಸದ್ದೇ ಗತಿ.

ವಿರಾಜಪೇಟೆಯಿಂದ

ಪ್ಯಾಡ್ ವಿಷಯ ಒಪ್ಪಿದೆ. ಆದರೂ ಬರೀ ಪ್ಯಾಡ್ ಸಾಕು ಅಂತ ನಾನು ಹೇಳುವುದಿಲ್ಲ. ಮಾಕುಟ್ಟ ಘಾಟಿ ಇಳಿದು ಕೇರಳ ಗಡಿಯ ಕೂಟುಪುಳದ ತನಕ ಹೋದವರಿಗೆ ಗೊತ್ತು, ಅಲ್ಲಿ ತಿರುವಿನ ಮೇಲೆ ತಿರುವು. ಒಳ್ಳೆ ಕ್ಯಾಲಿಪರ್ ಇದ್ದರೆ ಕಡಿಮೆ ಬಲಕ್ಕೇ ಕೆಲಸ ಆಗುತ್ತದೆ, ಕೈ ಅಷ್ಟು ಸೋಲುವುದಿಲ್ಲ.

ತೂಕ ನೋಡಿ ಮಾತ್ರ ಕೊಳ್ಳಬೇಡಿ. ಆರ್7000 ಜೋಡಿ ಸುಮಾರು 380 ಗ್ರಾಂ, ಶಿಮಾನೋದ ಅಲ್ಟೆಗ್ರಾ ಆರ್8000 ಸುಮಾರು 360, ಡ್ಯುರಾ-ಏಸ್ ಸುಮಾರು 325. ಈಬ್ರೇಕ್ ಇದರ ಅರ್ಧದಷ್ಟು, 170ರ ಹತ್ತಿರ. ತೂಕ ಇಳಿಸುವ ಹುಚ್ಚಿದ್ದರೆ ಅದಕ್ಕೆ ಸಾಟಿ ಇಲ್ಲ. ಆದರೆ ಅದರಲ್ಲಿ ತೆರೆದ ಸಣ್ಣ ಸಣ್ಣ ಸಂದುಗಳು ಜಾಸ್ತಿ. ಕಕ್ಕಡದ (ಜೋರು ಮಳೆಯ ಕೊಡವ ತಿಂಗಳು) ಕೆಸರಿಗೆ ನಾನಂತೂ ಅದನ್ನು ಒಡ್ಡುವುದಿಲ್ಲ.

ಸೂಪರ್ ರೆಕಾರ್ಡ್ ನೋಡೋಕೆ ಬಲು ಚಂದ. ಒಂದು ತೊಡಕಿದೆ. ಚಕ್ರ ಬಿಚ್ಚುವಾಗ ಬ್ರೇಕ್ ಅಗಲಿಸುವ ಗುಂಡಿಯನ್ನು ಕ್ಯಾಂಪಗ್ನೋಲೋ ತನ್ನ ಲಿವರ್‌ನಲ್ಲಿ ಇಟ್ಟಿದೆ, ಶಿಮಾನೋ ಕ್ಯಾಲಿಪರ್‌ನಲ್ಲಿ. ನಿಮ್ಮದು ಶಿಮಾನೋ ಲಿವರ್. ಅದಕ್ಕೆ ಕ್ಯಾಂಪಗ್ನೋಲೋ ಕ್ಯಾಲಿಪರ್ ಸೇರಿಸಿದರೆ ಗುಂಡಿ ಎರಡೂ ಕಡೆ ಇಲ್ಲ! ದಪ್ಪ ಟೈರ್ ಆದರೆ ಗಾಳಿ ಬಿಟ್ಟೇ ಚಕ್ರ ತೆಗೆಯಬೇಕು. ನನ್ನ ಓಟು ಸೆಕೆಂಡ್ ಹ್ಯಾಂಡ್ ಆರ್9100ಗೆ.

ಸೋಮವಾರಪೇಟೆಯಿಂದ

ಅಲ್ಟೆಗ್ರಾ ಸಾಕು. ಮಿಕ್ಕ ದುಡ್ಡಿಗೆ ಒಳ್ಳೆ ರೇನ್ ಜಾಕೆಟ್ ತಗೊಳ್ಳಿ.

ಗೋಣಿಕೊಪ್ಪದಿಂದ

ಬೆರಳು ಸೋಲುತ್ತವೆ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇಳಿಯುವಾಗ ಕೈ ಎಲ್ಲಿರುತ್ತದೆ? ಮೇಲೆ ಹುಡ್ (ಲಿವರಿನ ರಬ್ಬರ್ ಹಿಡಿ) ಹಿಡಿದು ಎಳೆದರೆ ಬೆರಳು ಲಿವರ್‌ನ ತಿರುಗಣೆಗೆ ಹತ್ತಿರ ಬೀಳುತ್ತವೆ, ಬಲ ಜಾಸ್ತಿ ಬೇಕು. ಕೆಳಗೆ ಡ್ರಾಪ್ (ಹ್ಯಾಂಡಲಿನ ಕೆಳಗಿನ ಬಾಗು) ಹಿಡಿದರೆ ಅದೇ ಬ್ರೇಕ್ ಒಂದೇ ಬೆರಳಿಗೆ ಬರುತ್ತದೆ. ಕೈ ಚಿಕ್ಕದಿದ್ದರೆ ಲಿವರ್ ಹತ್ತಿರ ತರುವ ಸ್ಕ್ರೂ ಶಿಮಾನೋ ಲಿವರ್‌ನಲ್ಲೇ ಇದೆ, ಅದನ್ನು ತಿರುಗಿಸಿ ನೋಡಿ. ಕ್ಯಾಲಿಪರ್ ಕೊಳ್ಳುವ ಮೊದಲು ಮಾಡುವ ಪುಕ್ಕಟೆ ಕೆಲಸ ಇದು.

ಎರಡನೇದು ಕೇಬಲ್. ಔಟರ್ (ಕೇಬಲಿನ ಹೊರಕವಚ) ಒಳಗೆ ನೀರು ನಿಂತು ತುಕ್ಕು ಹಿಡಿದರೆ ನಿಮ್ಮ ಅರ್ಧ ಬಲ ಅಲ್ಲೇ ಹೋಗುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಇನ್ನರ್, ಔಟರ್ ಎರಡೂ ಬದಲಾಯಿಸಿ. ಮನೆಯಲ್ಲಿ ಉಳಿದ ಗೇರ್ ಔಟರ್ ಮಾತ್ರ ಬ್ರೇಕ್‌ಗೆ ಹಾಕಲೇಬೇಡಿ. ಅದರ ತಂತಿಗಳು ಉದ್ದಕ್ಕೆ ಇರುತ್ತವೆ, ಬ್ರೇಕ್ ಬಲಕ್ಕೆ ಸೀಳಿಹೋಗಬಹುದು.

ಕೇಳಿದವರು, ಮಡಿಕೇರಿ

ಪ್ಯಾಡ್ ಬಿಚ್ಚಿ ನೋಡಿದೆ, ಬೆಳ್ಳಿ ಚೂರು ತುಂಬಿವೆ. ಮೊದಲು ಪ್ಯಾಡು, ಕೇಬಲ್ಲು. ಆಮೇಲೆ ಆರ್9100 ಸಿಕ್ಕರೆ ತಗೊಳ್ಳೋಣ ಅಂತಿದ್ದೇನೆ. ನೇರವಾಗಿ ಕೂರುತ್ತದಾ? ಲಿವರ್ ಕೂಡ ಆರ್7000. ಮಡ್‌ಗಾರ್ಡ್ ಹಾಕೋ ಆಸೆಯೂ ಇದೆ.

ಕುಶಾಲನಗರದಿಂದ

ಲಿವರ್ ಹೊಂದುತ್ತದೆ, ಎರಡೂ ಒಂದೇ ಎಸ್‌ಎಲ್‌ಆರ್-ಇವಿ ಪದ್ಧತಿ, ಅಂದರೆ ಕೇಬಲ್ ಎಳೆಯುವ ಅಳತೆ ಒಂದೇ. ತೀರಾ ಹಳೆಯ ಲಿವರ್ ಆಗಿದ್ದರೆ ಕೇಬಲ್ ಎಳೆಯುವ ಅಳತೆ ಬೇರೆ ಇರುತ್ತಿತ್ತು, ಆಗ ಯೋಚಿಸಬೇಕಿತ್ತು. ಕೊಳ್ಳುವಾಗ ಹೆಸರು ಸರಿಯಾಗಿ ಓದಿ. ಆರ್9110 ಅಂತಿದ್ದರೆ ಅದು ಡೈರೆಕ್ಟ್ ಮೌಂಟ್, ಎರಡು ಬೋಲ್ಟಿನದು, ನಿಮ್ಮ ಫ್ರೇಮ್‌ಗೆ ಕೂರುವುದಿಲ್ಲ.

ಮಡ್‌ಗಾರ್ಡ್ ಕಷ್ಟ. ಈ ಕ್ಯಾಲಿಪರ್ ಅಡಿಯಲ್ಲಿ 28ರ ಟೈರ್ ಹೋಗುತ್ತದೆ, ಅದರ ಮೇಲೆ ಪೂರ್ತಿ ಮಡ್‌ಗಾರ್ಡ್‌ಗೆ ಜಾಗ ಸಾಲದು. ಅದಕ್ಕೆ 47ರಿಂದ 57 ಮಿಲಿಮೀಟರ್ ತನಕ ತೋಳು ಚಾಚುವ ಬಿಆರ್-ಆರ್650 ಥರದ್ದು ಬೇಕು, ಫ್ರೇಮ್‌ನಲ್ಲೂ ಅಷ್ಟು ಎತ್ತರ ಇರಬೇಕು. ನಿಮ್ಮದರಲ್ಲಿ ಇರಲಿಕ್ಕಿಲ್ಲ. ಸೀಟ್ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು ಹಾಕಿಕೊಳ್ಳಿ, ಬೆನ್ನಾದರೂ ಉಳಿಯುತ್ತದೆ.

ಹಾಗೇ ರಿಮ್ ಸವೆತ ನೋಡಿ. ಬ್ರೇಕ್ ಉಜ್ಜುವ ಜಾಗದಲ್ಲಿ ಒಂದು ಸಣ್ಣ ಗುಳಿ ಅಥವಾ ಗೆರೆ ಇರುತ್ತದೆ. ಅದು ಮಾಯವಾಗಿದ್ದರೆ ಕ್ಯಾಲಿಪರ್ ದುಡ್ಡನ್ನು ಚಕ್ರಕ್ಕೆ ಹಾಕಿ.

ವಿರಾಜಪೇಟೆಯಿಂದ

ಚಕ್ರ ಬದಲಾಯಿಸುವ ಹಾಗಿದ್ದರೆ ಕಾರ್ಬನ್ ರಿಮ್ ಆಸೆಗೆ ಬೀಳಬೇಡಿ. ಮಳೆಯಲ್ಲಿ ಅಲ್ಯೂಮಿನಿಯಂನಷ್ಟು ಹಿಡಿಯುವುದಿಲ್ಲ, ಉದ್ದ ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿ ಏರುತ್ತದೆ. ಪ್ಯಾಡ್ ಕೂಡ ಬೇರೆಯೇ ಬೇಕು.

ಕ್ಯಾಲಿಪರ್ ಕೂರಿಸುವಾಗ ಟಾರ್ಕ್ ರೆಂಚ್ ಬಳಸಿ. ಫ್ರೇಮ್‌ಗೆ ಹಿಡಿಸುವ ನಟ್ 8ರಿಂದ 10 ನ್ಯೂಟನ್ ಮೀಟರ್, ಕೇಬಲ್ ಬೋಲ್ಟ್ 6ರಿಂದ 8, ಪ್ಯಾಡ್ ಬೋಲ್ಟ್ 5ರಿಂದ 7. ಒಂದು ದಿನ ಊರೊಳಗೇ ಓಡಿಸಿ, ಕೇಬಲ್ ಸಡಿಲ ಆಗಿದ್ದರೆ ಬಿಗಿ ಮಾಡಿ, ಆಮೇಲೆ ಘಾಟಿಗೆ ಹೊರಡಿ.