ಅಪ್‌ಡೇಟ್: ಮಾರುತಿ 800 ಪಿಸ್ಟನ್ ಮೇಲಿನ ಗುರುತುಗಳು

ಹಳೆಯ ಮಾರುತಿ 800ರ ಎಂಜಿನ್ ಬಿಚ್ಚಿದಾಗ ಪಿಸ್ಟನ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಚಲಿಸುವ ಭಾಗ) ತಲೆಯ ಮೇಲೆ ಬಾಣ ಮತ್ತು 1, 2 ಅಂಕಿಗಳು ಕಂಡಿದ್ದವು. ಅವುಗಳ ಅರ್ಥವೇನು, ಅಂಕಿ ಸಿಲಿಂಡರಿನ ಸಂಖ್ಯೆಯೇ ಎಂದು ಹಿಂದೆ ಕೇಳಿದ್ದೆ, ಉತ್ತರ ಸಿಕ್ಕಿತು. ಆ ಅಂಕಿ ಸಿಲಿಂಡರಿನ ಸಂಖ್ಯೆಯೇ ಅಲ್ಲ! ಸ್ಟ್ಯಾಂಡರ್ಡ್ (ಕಾರ್ಖಾನೆಯ ಮೂಲ) ಅಳತೆಯೊಳಗೆ ಪಿಸ್ಟನ್ ವ್ಯಾಸದ ಎರಡು ದರ್ಜೆಗಳು ಅವು. ವ್ಯತ್ಯಾಸ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಸಿಲಿಂಡರುಗಳಿರುವ ಎಂಜಿನ್ ಬ್ಲಾಕಿನ ಮೇಲೂ ಅಂಕಿಗಳಿವೆ, ಎರಡೂ ಹೊಂದಬೇಕು. ಪಿಸ್ಟನ್ ಕೂರಿಸುವಾಗ ಬಾಣ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ತುದಿಯ ಬೆಲ್ಟ್ ಚಕ್ರ) ಕಡೆಗೆ ಇರಬೇಕು.

ಮಸಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮರದ ಚಕ್ಕೆಯಿಂದ ಕೆರೆದ ಮೇಲೆಯೇ ಎಲ್ಲವೂ ಓದಲು ಬಂದದ್ದು. ಪಿಸ್ಟನ್ ಅಳೆಯಲು ವರ್ನಿಯರ್ ಕ್ಯಾಲಿಪರ್ ಸಾಕೆಂಬ ಸಲಹೆ ನಡೆಯಲಿಲ್ಲ. ಇಷ್ಟು ಸೂಕ್ಷ್ಮ ಅದಕ್ಕೆ ದಕ್ಕದು. ಮೈಕ್ರೋಮೀಟರಿನಿಂದ ಸ್ಕರ್ಟನ್ನು (ಪಿಸ್ಟನ್ನಿನ ಕೆಳಬದಿಯ ಗೋಡೆ) ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಕಡ್ಡಿ) ಲಂಬವಾಗಿ ಅಳೆಯಲು ಹೇಳಿದವರಿಗೆ ತುಂಬು ಕೃತಜ್ಞತೆ. ಬೋರ್ (ಸಿಲಿಂಡರಿನ ಒಳರಂಧ್ರ) ಸವೆದಿದ್ದರಿಂದ ಅದನ್ನು 68.5ರಿಂದ 69 ಮಿ.ಮೀ.ಗೆ ಹಿಗ್ಗಿಸಿ, 0.50 ಎಂದು ಅಚ್ಚಾದ ಓವರ್‌ಸೈಜ್ (ಮೂಲಕ್ಕಿಂತ 0.50 ಮಿ.ಮೀ. ದೊಡ್ಡದಾದ) ಪಿಸ್ಟನ್ ಹಾಕಿಸಿದೆ. ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದೇ ಬೋರ್ ಮಾಡಿಸಿ.