ಪ್ರಶ್ನೋತ್ತರ: ಸುದ್ದಿಯ ಸುಂಕ ಬೇರೆ, ನಿಮ್ಮ ಇನ್‌ವಾಯ್ಸಿನ ಸುಂಕ ಬೇರೆ

ಗುಂಪಿನ ಸದಸ್ಯರಿಗೆ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್ ಆಗಿ, ಅಂದರೆ ಆಮದು ರಫ್ತು ಮಾಡುವವರ ಪರವಾಗಿ ಸುಂಕದ ಕಾಗದಪತ್ರ ನೋಡಿಕೊಳ್ಳುವವಳಾಗಿ, ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ವಾರ ಬಂದ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರಿಸುತ್ತಿದ್ದೇನೆ. ಇಲ್ಲಿರುವ ದರಗಳು ಇಂದಿನವು, ಅಂದರೆ 2025ರ ಸೆಪ್ಟೆಂಬರ್ 6, ಶನಿವಾರದವು. ಮುಂದೆ ಓದುವವರು ದಿನಾಂಕವನ್ನು ಮೊದಲು ನೋಡಿಕೊಳ್ಳಿ.

ಪೀಣ್ಯ ಎರಡನೇ ಹಂತದಿಂದ ಪ್ರಶ್ನೆ: ಮೇಡಂ, ನಮ್ಮದು ಉಕ್ಕಿನ ಬೋಲ್ಟ್, ನಟ್ಟು ತಯಾರಿಸುವ ಘಟಕ. ಮೂವತ್ತು ಜನ ಕೆಲಸಗಾರರಿದ್ದಾರೆ. ನಮ್ಮ ಅರ್ಧದಷ್ಟು ಮಾಲು ಅಮೆರಿಕದ ಒಬ್ಬರೇ ಖರೀದಿದಾರರಿಗೆ ಹೋಗುತ್ತದೆ. ಭಾರತದ ಮೇಲೆ ಶೇ 50 ಸುಂಕ ಬಿದ್ದಿದೆ, ಅದರಲ್ಲಿ ಅರ್ಧ ನೀವು ಹೊರಿ ಎಂದು ಅವರು ಪಟ್ಟು ಹಿಡಿದಿದ್ದಾರೆ. ಅಲ್ಲಿನ ನ್ಯಾಯಾಲಯ ಈ ಸುಂಕ ಕಾನೂನುಬಾಹಿರ ಎಂದಿದೆಯೆಂದು ಓದಿದೆ. ಎರಡು ತಿಂಗಳು ತಾಳಿಕೊಂಡರೆ ಇಳಿಯುತ್ತದೆಯೇ?

ಉತ್ತರ: ಸರ್, ನಿಮ್ಮ ಬೋಲ್ಟಿನ ಮೇಲೆ ಬಿದ್ದಿರುವ 50 ಪತ್ರಿಕೆಯಲ್ಲಿ ಬಂದ 50 ಅಲ್ಲ. ಅಂಕಿ ಒಂದೇ, ಹೆತ್ತ ಕಾನೂನು ಬೇರೆ.

ಪತ್ರಿಕೆಯ 50 ಎಂದರೆ ಎರಡು 25. ಒಂದು ಆಗಸ್ಟ್ 7ರಿಂದ ಜಾರಿಗೆ ಬಂದದ್ದು. ಇನ್ನೊಂದು ರಷ್ಯಾದ ತೈಲ ಕೊಳ್ಳುತ್ತೇವೆಂಬ ಕಾರಣಕ್ಕೆ ಆಗಸ್ಟ್ 27ರಿಂದ ಸೇರಿದ್ದು. ಎರಡನ್ನೂ ಹೇರಿರುವುದು 1977ರ ತುರ್ತು ಆರ್ಥಿಕ ಅಧಿಕಾರ ಕಾಯ್ದೆಯ ಬಲದಿಂದ. ಆಗಸ್ಟ್ 29ರಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 7–4ರ ಬಹುಮತದಲ್ಲಿ ಆ ಕಾಯ್ದೆ ಇಷ್ಟು ಅಧಿಕಾರ ಕೊಡುವುದಿಲ್ಲ ಎಂದಿತು. ಆದರೂ ಅಕ್ಟೋಬರ್ 14ರವರೆಗೆ ಸುಂಕ ಮುಂದುವರಿಯಲು ಬಿಟ್ಟಿದೆ. ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ.

ನಿಮ್ಮ 50 ಬಂದಿರುವುದು 1962ರ ವ್ಯಾಪಾರ ವಿಸ್ತರಣಾ ಕಾಯ್ದೆಯ 232ನೇ ಸೆಕ್ಷನ್ನಿನಿಂದ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಹಾಕುವ ಸುಂಕ ಅದು. ಈ ವರ್ಷ ಮಾರ್ಚ್ 12ರಂದು ಶೇ 25 ಇತ್ತು, ಜೂನ್ 4ರಂದು 50 ಆಯಿತು. ಉಕ್ಕಿನ ಬೋಲ್ಟು ನಟ್ಟುಗಳು ಮಾರ್ಚ್ ಪಟ್ಟಿಯಲ್ಲೇ ಇವೆ. ಈ ಸುಂಕ ಬಿದ್ದ ಉಕ್ಕಿಗೆ ಮೇಲೆ ಹೇಳಿದ ಎರಡು 25 ಬೀಳುವುದಿಲ್ಲ. ನ್ಯಾಯಾಲಯದಲ್ಲಿರುವ ಮೊಕದ್ದಮೆಯಲ್ಲಿ 232ರ ಸುಂಕವನ್ನು ಪ್ರಶ್ನಿಸಿಯೇ ಇಲ್ಲ. ಆದ್ದರಿಂದ ತೀರ್ಪನ್ನು ನೆಚ್ಚಿಕೊಂಡು ಎರಡು ತಿಂಗಳ ಕೂಲಿ ಕೈಯಿಂದ ಹಾಕಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಆದರೆ ಇದರಲ್ಲೇ ನಿಮ್ಮ ಕೈಗೆ ಒಂದು ಬಲವೂ ಇದೆ. 232ರ ಸುಂಕ ಭಾರತಕ್ಕೆಂದು ಹಾಕಿದ್ದಲ್ಲ. ತೈವಾನಿನ ಬೋಲ್ಟಿಗೂ 50, ವಿಯೆಟ್ನಾಮಿನ ಬೋಲ್ಟಿಗೂ 50. ಬ್ರಿಟನ್ನಿಗೆ ಮಾತ್ರ 25 ಉಳಿಸಿದ್ದಾರೆ. ನಿಮ್ಮನ್ನು ಬಿಟ್ಟು ತೈವಾನಿಗೆ ಹೋದರೆ ಖರೀದಿದಾರರಿಗೆ ಈ ಸುಂಕದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ‘ಅರ್ಧ ಹೊರಿ’ ಎಂದಾಗ ಈ ಮಾತನ್ನು ಅಂಜದೆ ಎತ್ತಿ.

ಮೈಸೂರು ರಸ್ತೆಯಿಂದ ಪ್ರಶ್ನೆ: ಗಂಡಸರ ಹತ್ತಿ ಶರ್ಟುಗಳು. ಆಗಸ್ಟ್ 22ರಂದು ಕಂಟೇನರ್ ವೈಟ್‌ಫೀಲ್ಡ್‌ನಿಂದ ರೈಲಿನಲ್ಲಿ ಹೊರಟು, 26ರಂದು ಚೆನ್ನೈನಲ್ಲಿ ಹಡಗು ಹತ್ತಿತು. ನ್ಯೂಯಾರ್ಕ್ ತಲುಪುವುದು ಸೆಪ್ಟೆಂಬರ್ 24ಕ್ಕೆ. 27ಕ್ಕೆ ಮೊದಲೇ ಹೊರಟದ್ದರಿಂದ ಎರಡನೆಯ 25 ನಮಗಿಲ್ಲ ತಾನೇ?

ಉತ್ತರ: ಬೇಸರದಿಂದ ಹೇಳುತ್ತಿದ್ದೇನೆ, ಇದೆ. ದಾರಿಯಲ್ಲಿರುವ ಸರಕಿಗೆ ಕೊಟ್ಟ ವಿನಾಯಿತಿಗೆ ಎರಡು ಷರತ್ತು, ಎರಡೂ ಒಟ್ಟಿಗೆ ಈಡೇರಬೇಕು. ಆಗಸ್ಟ್ 27ರ ನಡುರಾತ್ರಿ 12:01ಕ್ಕೆ ಮೊದಲು ಹಡಗು ಹತ್ತಿರಬೇಕು. ಸೆಪ್ಟೆಂಬರ್ 17ರ ನಡುರಾತ್ರಿ 12:01ಕ್ಕೆ ಮೊದಲು ಅಮೆರಿಕದಲ್ಲಿ ಕಸ್ಟಮ್ಸ್ ಎಂಟ್ರಿ ಆಗಿರಬೇಕು. ಗಡಿಯಾರ ವಾಷಿಂಗ್ಟನ್ನಿನದು, ನಮಗೆ ಅದು ಬೆಳಿಗ್ಗೆ 9:31. ಮೊದಲನೆಯದನ್ನು ನೀವು ದಾಟಿದ್ದೀರಿ, ಎರಡನೆಯದರಲ್ಲಿ ಒಂದು ವಾರ ತಡ. ರೈಲು ಹೊರಟ ದಿನಕ್ಕೆ ಇಲ್ಲಿ ಬೆಲೆಯೇ ಇಲ್ಲ, ಹಡಗಿನವರು ಕೊಡುವ ಸರಕು ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್ ಮೇಲಿನ ಹಡಗು ಹತ್ತಿದ ದಿನಾಂಕವೇ ಲೆಕ್ಕ.

ಇನ್ನೊಂದು ವಿಷಯ. ನಿಮಗೆ ‘ಶೇ 50’ ಎಂಬುದೂ ಪೂರ್ತಿ ಲೆಕ್ಕವಲ್ಲ. ಗಂಡಸರ ಹತ್ತಿ ಶರ್ಟಿಗೆ ಅಮೆರಿಕದಲ್ಲಿ ಮೊದಲಿನಿಂದಲೂ ಶೇ 19.7 ಮೂಲ ಸುಂಕವಿದೆ. ಅದರ ಮೇಲೆ 25, ಮತ್ತೆ 25. ಒಟ್ಟು 69.7. ಬೆಲೆ ಮಾತಾಡುವಾಗ ಈ ಅಂಕಿ ಇಟ್ಟುಕೊಂಡು ಮಾತಾಡಿ.

ಖರೀದಿದಾರರಿಗೆ ರಿಯಾಯಿತಿ ಕೊಡಲೇಬೇಕಾಗಿ ಬಂದರೆ ಕಾಗದದಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಾಳೆ ಸುಪ್ರೀಂ ಕೋರ್ಟ್ ಸುಂಕವನ್ನು ರದ್ದುಮಾಡಿ ಹಣ ವಾಪಸು ಕೊಡಿಸಿದರೆ, ಆ ಹಣ ಹೋಗುವುದು ಅಲ್ಲಿ ಆಮದುದಾರರೆಂದು ದಾಖಲಾದವರ ಖಾತೆಗೆ. ನಿಮ್ಮ ರಿಯಾಯಿತಿಯಿಂದಲೇ ಅವರು ಸುಂಕ ಕಟ್ಟಿದ್ದರೂ ಅಷ್ಟೇ. ‘ಸುಂಕ ಮರುಪಾವತಿಯಾದರೆ ರಿಯಾಯಿತಿಯ ಪ್ರಮಾಣದಲ್ಲಿ ಮಾರಾಟಗಾರರಿಗೆ ಹಿಂತಿರುಗಿಸತಕ್ಕದ್ದು’ ಎಂದು ಇಮೇಲಿನಲ್ಲಾದರೂ ಒಪ್ಪಿಸಿಕೊಳ್ಳಿ. ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳ ಸಂಬಳದಿಂದ ಕಿತ್ತುಕೊಟ್ಟ ದುಡ್ಡು ಅದು, ಬಿಟ್ಟುಕೊಡಬೇಡಿ.

ನಮ್ಮ ಸರ್ಕಾರದ ಕಡೆಯಿಂದ ಒಂದು ಸಣ್ಣ ಆಸರೆಯಿದೆ. ಹತ್ತಿಯ ಆಮದು ಸುಂಕ ಶೇ 11 ಇತ್ತು: ಮೂಲ ಸುಂಕ 5, ಕೃಷಿ ಮೂಲಸೌಕರ್ಯ ಸೆಸ್ 5, ಅವೆರಡರ ಮೊತ್ತದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಎಂದು 1. ಆಗಸ್ಟ್ 19ರಿಂದ ಅದನ್ನು ಪೂರ್ತಿ ಬಿಟ್ಟಿದ್ದಾರೆ. ಮೊದಲು ಸೆಪ್ಟೆಂಬರ್ 30ರವರೆಗೆ ಎಂದಿದ್ದರು, ಈಗ ಡಿಸೆಂಬರ್ 31ರವರೆಗೆ. ನೂಲಿನ ವ್ಯಾಪಾರಿ ಬೆಲೆ ಇಳಿಸಿದ್ದಾರೆಯೇ ಎಂದು ಕೇಳಿ.

ರಾಜಾಜಿನಗರದಿಂದ ಪ್ರಶ್ನೆ: ಅಕ್ಕ, ದಿನಕ್ಕೊಂದು ಆದೇಶ. ನೀವು ಇದನ್ನೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತೀರಿ? ಯಾವುದಾದರೂ ಆಪ್ ಇದೆಯೇ?

ಉತ್ತರ: ನೆನಪಿಟ್ಟುಕೊಳ್ಳುವುದಿಲ್ಲಮ್ಮ, ಬರೆದಿಟ್ಟುಕೊಳ್ಳುತ್ತೇನೆ. ನನ್ನ ಮೇಜಿನ ಮೇಲೆ ಉದ್ದನೆಯ ಲೆಕ್ಕದ ಪುಸ್ತಕವಿದೆ, ಕಂಪ್ಯೂಟರಿನಲ್ಲಿ ಅದರದೇ ಒಂದು ಪ್ರತಿ. ದೇಶಕ್ಕೊಂದು ಪುಟ ಇಟ್ಟಿಲ್ಲ, ಸರಕಿಗೊಂದು ಸಾಲು ಇಟ್ಟಿದ್ದೇನೆ. ಎಚ್‌ಎಸ್ ಕೋಡ್ (ಸರಕನ್ನು ಗುರುತಿಸುವ ಅಂಕಿ), ಮೂಲ ಸುಂಕ, ಮೇಲೆ ಬಿದ್ದ ಸುಂಕ, ಅದು ಯಾವ ಕಾನೂನಿನದು, ಯಾವ ಆದೇಶ, ಯಾವ ಗಂಟೆಯಿಂದ ಜಾರಿ, ದಾರಿಯಲ್ಲಿರುವ ಸರಕಿಗೆ ವಿನಾಯಿತಿ ಇದೆಯೇ, ಯಾವ ದಿನ ಮುಗಿಯುತ್ತದೆ. ಕೊನೆಯ ಕಲಂ ‘ಕಣ್ಣಾರೆ ನೋಡಿದ ದಿನಾಂಕ’. ಸುದ್ದಿಯಲ್ಲಿ ಕೇಳಿದ್ದನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ, ಮೂಲ ಆದೇಶ ಓದಿದ ಮೇಲೆ ಪೆನ್ನಿನಲ್ಲಿ. ಈ ವರ್ಷ ಪೆನ್ಸಿಲಿನಲ್ಲೇ ಉಳಿದು ಅಳಿಸಿಹೋದ ಸಾಲುಗಳು ಬಹಳ.

ಕೋಡಿನ ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಮುಂದಕ್ಕೆ ನಾವು ಎಂಟಕ್ಕೆ ಬೆಳೆಸಿದ್ದೇವೆ, ಅಮೆರಿಕ ಹತ್ತಕ್ಕೆ. ರಫ್ತಿಗೆ ಇಲ್ಲಿ ಸಲ್ಲಿಸುವ ನಮ್ಮ ಶಿಪ್ಪಿಂಗ್ ಬಿಲ್ಲಿನ ಎಂಟು ಅಂಕಿ ಹಿಡಿದು ಅಲ್ಲಿನ ಸುಂಕ ಹುಡುಕಿದರೆ ದಾರಿ ತಪ್ಪುತ್ತೀರಿ. ಅಲ್ಲಿನ ಸುಂಕ ಪಟ್ಟಿಯಲ್ಲಿ 99ನೇ ಅಧ್ಯಾಯವೆಂದು ಒಂದಿದೆ, ತಾತ್ಕಾಲಿಕ ಹೆಚ್ಚುವರಿಗಳೆಲ್ಲ ಅಲ್ಲಿ ಕುಳಿತಿರುತ್ತವೆ. ಬೆಳಿಗ್ಗೆ ಕಾಫಿಯ ಜೊತೆ ಅದನ್ನು, ಅವರ ಗೆಜೆಟ್ ಆದ ಫೆಡರಲ್ ರಿಜಿಸ್ಟರನ್ನು, ಅವರ ಕಸ್ಟಮ್ಸ್ ಇಲಾಖೆ ಬ್ರೋಕರ್‌ಗಳಿಗೆ ಕಳುಹಿಸುವ ಸೂಚನೆಗಳನ್ನು ನೋಡುತ್ತೇನೆ. ಸಂಜೆ ನಮ್ಮ ಕಸ್ಟಮ್ಸ್ ಮಂಡಳಿಯಾದ ಸಿಬಿಐಸಿಯ ಅಧಿಸೂಚನೆಗಳು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪ್ರಕಟಣೆಗಳು. ಒಟ್ಟು ಅರ್ಧ ಗಂಟೆ.

ಮುನ್ಸೂಚನೆ ಸಿಗುವ ಒಂದು ಜಾಗವನ್ನು ಹೇಳುತ್ತೇನೆ, ಯಂತ್ರಭಾಗದವರು ಗಮನಿಸಿ. 232ರ ಪಟ್ಟಿಗೆ ಹೊಸ ಸರಕು ಸೇರಿಸಿ ಎಂದು ಅಮೆರಿಕದ ತಯಾರಕರು ವರ್ಷಕ್ಕೆ ಮೂರು ಸಲ, ಮೇ, ಸೆಪ್ಟೆಂಬರ್ ಮತ್ತು ಜನವರಿಯಲ್ಲಿ ಅರ್ಜಿ ಹಾಕಬಹುದು. ಆ ಅರ್ಜಿಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸುತ್ತಾರೆ. ಮೇ ಸುತ್ತಿನ ಫಲವಾಗಿ ಆಗಸ್ಟ್ 18ರಂದು ಒಂದೇ ಏಟಿಗೆ 407 ಕೋಡ್‌ಗಳು ಸೇರಿದವು. ದಾರಿಯಲ್ಲಿದ್ದ ಸರಕಿಗೂ ವಿನಾಯಿತಿ ಕೊಡಲಿಲ್ಲ. ಈಗ ಸೆಪ್ಟೆಂಬರ್. ನಿಮ್ಮ ಕೋಡ್ ಅರ್ಜಿಗಳಲ್ಲಿ ಕಂಡರೆ ಈಗಲೇ ಖರೀದಿದಾರರಿಗೆ ತಿಳಿಸಿ.

ಯಶವಂತಪುರದಿಂದ ಪ್ರಶ್ನೆ: ಮೇಡಂ, ನಮ್ಮದು ಒಣಹಣ್ಣಿನ ಮಂಡಿ, ಕ್ಯಾಲಿಫೋರ್ನಿಯಾ ಬಾದಾಮಿ ತರಿಸುತ್ತೇವೆ. ಭಾರತವೂ ತಿರುಗೇಟು ಕೊಡುತ್ತದೆ ಎನ್ನುತ್ತಾರೆ. ಹಬ್ಬಕ್ಕೆ ಮೊದಲು ಹೆಚ್ಚು ತರಿಸಿಟ್ಟುಕೊಳ್ಳಲೇ?

ಉತ್ತರ: ಕಳೆದ ಸಲ ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ತೂಗಿ ನೋಡಿ. 2018ರ ಮಾರ್ಚಿನಲ್ಲಿ ಅಮೆರಿಕ ಉಕ್ಕು, ಅಲ್ಯೂಮಿನಿಯಂ ಮೇಲೆ ಸುಂಕ ಹಾಕಿತು. ಜೂನಿನಲ್ಲಿ ಭಾರತ ಪ್ರತೀಕಾರ ಸುಂಕದ ಅಧಿಸೂಚನೆ ಹೊರಡಿಸಿತು, ಆಗಸ್ಟ್ 4ರಿಂದ ಜಾರಿ ಎಂದಿತು. ಆಮೇಲೆ ಮುಂದೂಡಿಕೆ, ಮತ್ತೆ ಮುಂದೂಡಿಕೆ. ನಿಜವಾಗಿ ಜಾರಿಯಾದದ್ದು 2019ರ ಜೂನ್ 16ರಂದು, ಅಮೆರಿಕ ನಮಗಿದ್ದ ಜಿಎಸ್‌ಪಿ ಎಂಬ ಸುಂಕ ರಿಯಾಯಿತಿಯನ್ನು ಕಿತ್ತುಕೊಂಡ ಹನ್ನೊಂದು ದಿನಗಳ ಮೇಲೆ. ಸುಲಿದ ಬಾದಾಮಿಗೆ ಕಿಲೋಗೆ 100 ರೂಪಾಯಿ ಇದ್ದ ಸುಂಕ 120 ಆಯಿತು, ಸೇಬಿಗೆ ಶೇ 50 ಇದ್ದದ್ದು 70. ಅದನ್ನು ತೆಗೆದದ್ದು 2023ರ ಸೆಪ್ಟೆಂಬರಿನಲ್ಲಿ. ಅಂದರೆ ಬರಲು ಒಂದು ವರ್ಷ, ಹೋಗಲು ನಾಲ್ಕು.

2018ರ ಜುಲೈಯಲ್ಲಿ ನನ್ನ ಬಳಿಯ ವ್ಯಾಪಾರಿಯೊಬ್ಬರು ಹೆದರಿ ಸಾಲ ಮಾಡಿ ಬಾದಾಮಿ ತುಂಬಿಟ್ಟರು. ಆಗಸ್ಟ್ 4 ಬಂತು, ಸುಂಕ ಬರಲಿಲ್ಲ. ಬಡ್ಡಿ, ಶೀತಲಗೃಹದ ಬಾಡಿಗೆ ಎರಡೂ ಏರಿದವು. ಅವರ ಆ ವರ್ಷದ ದೀಪಾವಳಿಯನ್ನು ನಾನು ಮರೆತಿಲ್ಲ. ಈ ಸಲ ಭಾರತ ಮೇ ತಿಂಗಳಲ್ಲಿ ಉಕ್ಕು, ಅಲ್ಯೂಮಿನಿಯಂ ವಿಚಾರವಾಗಿ, ಜುಲೈಯಲ್ಲಿ ವಾಹನ ಬಿಡಿಭಾಗಗಳ ವಿಚಾರವಾಗಿ ಪ್ರತೀಕಾರದ ಹಕ್ಕು ಕಾದಿರಿಸಿ ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಿದೆ. ಸುಂಕ ಹಾಕಿಲ್ಲ. ಹಬ್ಬದಲ್ಲಿ ಖರ್ಚಾಗುವಷ್ಟು ತರಿಸಿ, ಹೆದರಿಕೆಗೆ ತರಿಸಬೇಡಿ.

ಆದರೆ ಯಾವ ಕ್ಷಣದ ದರ ನಿಮಗೆ ಅನ್ವಯ ಎಂಬುದನ್ನು ತಿಳಿದಿರಿ. ನಮ್ಮ ಕಸ್ಟಮ್ಸ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ಸಲ್ಲಿಸಿದ ದಿನ ಅಥವಾ ಹಡಗಿಗೆ ಕಸ್ಟಮ್ಸ್‌ನಿಂದ ಒಳಪ್ರವೇಶ ಸಿಕ್ಕ ದಿನ, ಇವೆರಡರಲ್ಲಿ ಯಾವುದು ತಡವೋ ಆ ದಿನದ ದರ. ಸುಂಕ ಕಟ್ಟುವ ಮೊದಲು ಸರಕು ಇಡುವ ಬಾಂಡೆಡ್ ಗೋದಾಮಿನಲ್ಲಿಟ್ಟರೆ ಹೊರತೆಗೆಯಲು ಬಿಲ್ ಸಲ್ಲಿಸಿದ ದಿನದ್ದು, ಆದ್ದರಿಂದ ಅಲ್ಲಿಟ್ಟು ಹಳೆಯ ದರ ಉಳಿಸಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ. ಪುಲ್ವಾಮಾ ದಾಳಿಯ ನಂತರ, 2019ರ ಫೆಬ್ರುವರಿ 16ರಂದು ಪಾಕಿಸ್ತಾನದ ಸರಕಿಗೆಲ್ಲ ಶೇ 200 ಸುಂಕ ಹಾಕಿದರು. ಅಧಿಸೂಚನೆ ಜಾಲತಾಣಕ್ಕೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅದೇ ದಿನ ಅದಕ್ಕೂ ಮೊದಲೇ ಅಟ್ಟಾರಿ ಗಡಿಯಲ್ಲಿ ಬಿಲ್ ಸಲ್ಲಿಸಿದ್ದವರಿಂದಲೂ 200 ಕೇಳಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2020ರಲ್ಲಿ ತೀರ್ಪು ವ್ಯಾಪಾರಿಗಳ ಪರ ಬಂತು. ಅಂದಿನಿಂದ ನಾನು ಪ್ರತಿ ಬಿಲ್ಲಿನ ಸಲ್ಲಿಕೆಯ ಸಮಯವನ್ನು ಸೆಕೆಂಡಿನ ಸಮೇತ ಮುದ್ರಿಸಿ ಕಡತಕ್ಕೆ ಸೇರಿಸುತ್ತೇನೆ. ನಿಮ್ಮ ಬ್ರೋಕರ್‌ಗೂ ಹೇಳಿ.

ಹೆಸರು ಹಾಕದೆ ಬಂದ ಪ್ರಶ್ನೆ: ದುಬೈಗೆ ಕಳುಹಿಸಿ, ಅಲ್ಲಿ ಪೆಟ್ಟಿಗೆ ಬದಲಿಸಿ ಅಮೆರಿಕಕ್ಕೆ ಹಾಕಿದರೆ?

ಉತ್ತರ: ಬೇಡ. ಪೆಟ್ಟಿಗೆ ಬದಲಾದರೆ ಮೂಲ ದೇಶ ಬದಲಾಗುವುದಿಲ್ಲ. ಸರಕಿನ ಸ್ವರೂಪವೇ ಬದಲಾಗಬೇಕು. ಜುಲೈ 31ರ ಆದೇಶದಲ್ಲಿ ಸುಂಕ ತಪ್ಪಿಸಲು ಹೀಗೆ ಸುತ್ತಿಸಿ ಕಳುಹಿಸಿದ ಸರಕಿಗೆ ಶೇ 40 ಸುಂಕ, ಮೇಲೆ ದಂಡ ಎಂದಿದೆ. ಖರೀದಿದಾರರು ಸಿಕ್ಕಿಬಿದ್ದರೆ ನಿಮ್ಮ ಹೆಸರೂ ಅವರ ಕಡತದಲ್ಲಿ ಉಳಿಯುತ್ತದೆ. ಈ ಗುಂಪಿನಲ್ಲಿ ಯಾರೇ ಈ ಸಲಹೆ ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ.

ಚನ್ನಪಟ್ಟಣದ ಗೊಂಬೆ ಮಾರುವ ಜಯನಗರದವರ ಪ್ರಶ್ನೆ: ಅಕ್ಕ, ಅಂಚೆ ಕಚೇರಿಯಲ್ಲಿ ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುತ್ತಿಲ್ಲ. ಇನ್ನು ಹೇಗೆ ಕಳುಹಿಸುವುದು?

ಉತ್ತರ: 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿ ಆಗಸ್ಟ್ 29ಕ್ಕೆ ಮುಗಿಯಿತು. ಸುಂಕ ವಸೂಲು ಮಾಡುವ ವ್ಯವಸ್ಥೆ ಸಿದ್ಧವಿಲ್ಲದ್ದರಿಂದ ಅಂಚೆ ಇಲಾಖೆ ಬುಕಿಂಗ್ ನಿಲ್ಲಿಸಿದೆ. ಸದ್ಯಕ್ಕೆ ಕೊರಿಯರ್ ಒಂದೇ ದಾರಿ. ಗೊಂಬೆಗೆ ಅಲ್ಲಿ ಮೂಲ ಸುಂಕ ಸೊನ್ನೆ, ಮೇಲಿನ 25 ಮತ್ತು 25 ಮಾತ್ರ. ಸುಂಕ ಯಾರು ಕಟ್ಟುತ್ತಾರೆ ಎಂಬುದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಬರೆದು ತಿಳಿಸಿ. ಬಾಗಿಲಿಗೆ ಬಂದ ಪಾರ್ಸೆಲ್ಲಿಗೆ ಹಣ ಕೇಳಿದರೆ ಗಿರಾಕಿ ವಾಪಸು ಕಳುಹಿಸುತ್ತಾರೆ, ಆ ಖರ್ಚೂ ನಿಮ್ಮ ತಲೆಗೇ.

ಪೀಣ್ಯದಿಂದ ಮತ್ತೆ: ಮೇಡಂ, ಖರೀದಿದಾರರಿಗೆ ತೈವಾನಿನ ಮಾತು ಹೇಳಿದೆ. ಸೋಮವಾರ ಮಾತಾಡೋಣ ಎಂದಿದ್ದಾರೆ. ಆದರೆ ಅವರು ಅಲ್ಲಿ ಕಟ್ಟುತ್ತಿರುವುದು 232ರ ಸುಂಕವಲ್ಲ, 25 ಮತ್ತು 25 ಎಂದೇ ಅವರ ಲೆಕ್ಕದವರು ಹೇಳುತ್ತಿದ್ದಾರಂತೆ.

ಉತ್ತರ: ಹಾಗಾದರೆ ಸೋಮವಾರಕ್ಕೆ ಮೊದಲು ಒಂದು ಕಾಗದ ತರಿಸಿಕೊಳ್ಳಿ ಸರ್. ಫಾರ್ಮ್ 7501 ಎಂದು ಕೇಳಿ, ಅದು ಅವರ ಎಂಟ್ರಿ ಸಾರಾಂಶ. ಅದರಲ್ಲಿ ಬೋಲ್ಟಿನ ಹತ್ತು ಅಂಕಿಯ ಕೋಡ್ ಇರುತ್ತದೆ, ಪಕ್ಕದಲ್ಲೇ 99ರಿಂದ ಶುರುವಾಗುವ ಕೋಡ್‌ಗಳಿರುತ್ತವೆ. ಯಾವ 50 ಕಟ್ಟಿದ್ದಾರೆ ಎಂಬುದು ಆ ಸಾಲಿನಲ್ಲಿ ಗೊತ್ತಾಗುತ್ತದೆ. ಅವರ ಬ್ರೋಕರ್ ತಪ್ಪಾಗಿ ಹಾಕಿದ್ದರೆ ತಿದ್ದಿಸಬೇಕಾದವರು ಅವರೇ. ಭಾನುವಾರವಾದರೂ ಸರಿ, ಪ್ರತಿಯನ್ನು ನನಗೆ ಕಳುಹಿಸಿ, ಫೋನಿನಲ್ಲೇ ಒಟ್ಟಿಗೆ ಓದೋಣ.