ಏಪ್ರಿಲ್ 11ರ ನಡಿಗೆ: ಕೂಡಿದ ದುಡ್ಡು ಎಲ್ಲಿಗೆ?

ಸುಂಟಿಕೊಪ್ಪದ ಹುಡುಗ: ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಕೈ ನಡುಗಿಸುವ, ನಡಿಗೆ ಕೆಡಿಸುವ ಈ ಮೆದುಳಿನ ಕಾಯಿಲೆಯ ಬಗ್ಗೆ 1817ರಲ್ಲಿ ಬರೆದ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನ. ಅವತ್ತು ಮಡಿಕೇರಿ ರಾಜಾಸೀಟ್‌ನಿಂದ ಅಬ್ಬಿ ಜಲಪಾತಕ್ಕೆ ನಡೆಯೋಣ ಅಂತಿದ್ದೇವೆ. ತಲೆಗೆ 300 ರೂಪಾಯಿ. ಕೂಡಿದ್ದನ್ನು ಸಂಶೋಧನೆಗೆ ಕಳಿಸುವ ಆಸೆ. ಏನಂತೀರಿ?

ಪೊನ್ನಂಪೇಟೆ ಅಕ್ಕ: ನಡೆಯಲು ಬರುತ್ತೇನೆ, ಸಂಶೋಧನೆಗೆ ಮಾತ್ರ ಒಪ್ಪುವುದಿಲ್ಲ. ನಮ್ಮಪ್ಪನಿಗೆ ಆರು ವರ್ಷದಿಂದ ಇದೇ ಕಾಯಿಲೆ. ಮಾತ್ರೆಯ ಶಕ್ತಿ ಇಳಿದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಹೋದ ತಿಂಗಳು ಮೈಸೂರಲ್ಲಿ ಡಾಕ್ಟರಿಗೆ ತೋರಿಸಿ ಬರುವಾಗ ಗೋಣಿಕೊಪ್ಪದಲ್ಲಿ ಬಸ್ಸಿನ ಬಾಗಿಲ ಹತ್ತಿರ ಹಾಗೇ ಆಯಿತು. ಕಂಡಕ್ಟರ್ "ಬೆಳಿಗ್ಗೆನೇ ಹಾಕಿದ್ದಾರಾ?" ಅಂದ. ನಾನು ಕೊಡೆಯನ್ನು ಅವರ ಕಾಲ ಮುಂದೆ ಅಡ್ಡ ಇಟ್ಟೆ. ಅದನ್ನು ದಾಟಲು ಕಾಲು ಎದ್ದಿತು! ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಜೀಪಿಗೆ ಕೊಡಿ ಆ ದುಡ್ಡು.

ತೋಟದ ಮಾವ: ಕಾಫಿ ಕುಡಿಯುವವರಿಗೆ ಇದು ಬರುವುದೇ ಇಲ್ಲವಂತೆ. ಕೊಡಗಿನವರು ಬಚಾವ್ 😀

ವಿರಾಜಪೇಟೆ ಮೆಡಿಕಲ್: ಮಾವ, ಕಾಫಿ ಕುಡಿಯುವವರಲ್ಲಿ ಕಡಿಮೆ ಕಂಡಿದೆ, ಅಷ್ಟೇ. ಬಂದವರಿಗೆ ಕೆಫೀನ್ ಕೊಟ್ಟೂ ನೋಡಿದ್ದಾರೆ, ನಡುಕವಾಗಲಿ ನಡಿಗೆಯಾಗಲಿ ಸುಧಾರಿಸಲಿಲ್ಲ. ಕಾಫಿ ಬಿಡಿ, ಕಳೆನಾಶಕ ನೋಡಿ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಅನ್ನುವ ಅಧ್ಯಯನಗಳಿವೆ. ಯುರೋಪ್ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿಯಿಲ್ಲ. ಕೈಗವಸಿಲ್ಲದೆ ಕಳೆನಾಶಕ ಕಲಸುವವರನ್ನು ನಾವೆಲ್ಲ ನೋಡಿಲ್ವಾ?

ತೋಟದ ಮಾವ: ಕೈಗವಸು ಕೊಟ್ಟರೂ ಹಾಕಲ್ಲ ಕಣಪ್ಪ. ಆದರೂ ನೀನು ಹೇಳಿದ್ದು ಸರಿ.

ಸುಂಟಿಕೊಪ್ಪದ ಹುಡುಗ: ಅಕ್ಕ, ನಾನು ಸಂಶೋಧನೆ ಅಂದದ್ದು ಸುಮ್ನೆ ಅಲ್ಲ. ಒಂದು ವರ್ಷ ಹೂಮಳೆ ಚೆನ್ನಾಗಿ ಬಿದ್ದು ಕಾಫಿ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿತ್ತು. ಘಮ ಮನೆಯೊಳಗೂ ತುಂಬಿತ್ತು. ದೊಡ್ಡಪ್ಪ ಮಾತ್ರ "ಈ ಸಲ ಹೂವಿಗೆ ವಾಸನೆಯೇ ಇಲ್ಲ" ಅಂದರು. ನಾವು ನಕ್ಕೆವು. ಕೈ ನಡುಗಲು ಶುರುವಾದದ್ದು ನಾಲ್ಕು ವರ್ಷದ ಮೇಲೆ. ವಾಸನೆ ಹೋಗುವುದು ಮುನ್ಸೂಚನೆ ಇರಬಹುದು ಅಂತ ಆಮೇಲೆ ಡಾಕ್ಟರ್ ಹೇಳಿದರು. ನಡುಕ ಕಾಣುವ ಹೊತ್ತಿಗೆ ಮೆದುಳಿನಲ್ಲಿ ಡೋಪಮೈನ್ (ಕೈಕಾಲು ಸರಾಗ ಆಡಲು ಬೇಕಾದ ರಾಸಾಯನಿಕ) ಮಾಡುವ ಕೋಶಗಳು ಬಹಳಷ್ಟು ಸತ್ತಿರುತ್ತವೆ. ಕಾಯಿಲೆಯನ್ನೇ ತಡೆಯುವ ಔಷಧಿ ಇನ್ನೂ ಇಲ್ಲ. ಇವತ್ತಿಗೂ ಮುಖ್ಯ ಆಸರೆ ಡೋಪಮೈನ್ ಕೊರತೆ ತುಂಬುವ, 1960ರ ದಶಕದ ಲೆವೋಡೋಪಾ ಔಷಧಿಯೇ.

ಪೊನ್ನಂಪೇಟೆ ಅಕ್ಕ: ಒಪ್ಪಿದೆ ತಮ್ಮ. ಆದರೆ ನಟ ಮೈಕೆಲ್ ಜೆ. ಫಾಕ್ಸ್ 2000ರಲ್ಲಿ ಕಟ್ಟಿದ ಸಂಸ್ಥೆಯೊಂದೇ ಸಂಶೋಧನೆಗೆ ಕೋಟಿಗಟ್ಟಲೆ ಡಾಲರ್ ಕೊಟ್ಟಿದೆ. ಅಲ್ಲಿ ನಮ್ಮ ದುಡ್ಡು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇಲ್ಲಿ ಅದೇ ದುಡ್ಡಲ್ಲಿ ಎಷ್ಟು ಸಲ ಮೈಸೂರಿಗೆ ಹೋಗಿಬರಬಹುದು, ಲೆಕ್ಕ ಹಾಕು.

ಸಂಪಾಜೆ ಘಾಟಿ: ಲೆಕ್ಕ ಅಂದಿರಲ್ಲ, ದುಡ್ಡು ಯಾರ ಖಾತೆಗೆ ಮಾರಾಯ್ರೆ? 2018ರ ಮಳೆಯಲ್ಲಿ ಗುಡ್ಡ ಕುಸಿದಾಗ ನಮ್ಮ ಹೆಸರಲ್ಲಿ ಒಬ್ಬರು ಎತ್ತಿದ ಹಣದ ಲೆಕ್ಕ ನಾನಿನ್ನೂ ನೋಡಿಲ್ಲ. ರಸೀದಿ ಕೊಟ್ಟರೆ ಮಾತ್ರ ನನ್ನ 300.

ಸುಂಟಿಕೊಪ್ಪದ ಹುಡುಗ: ಎಲ್ಲರಿಗೂ ರಸೀದಿ. ಖರ್ಚಿನ ಪಟ್ಟಿಯನ್ನೂ ಇಲ್ಲೇ ಹಾಕುತ್ತೇನೆ. ಈ ವರ್ಷ ಜೀಪಿಗೇ ಇರಲಿ ಅಕ್ಕ, ಆದರೆ ಕಾಲು ಭಾಗ ಸಂಶೋಧನೆಗೆ ಬಿಡಿ. ಬೆಳಿಗ್ಗೆ ಆರಕ್ಕೆ ಹೊರಡೋಣವಾ?

ಪೊನ್ನಂಪೇಟೆ ಅಕ್ಕ: ಕಾಲು ಭಾಗದ ಮಾತು ಆಮೇಲೆ. ಆರಕ್ಕೆ ಬೇಡ, ಹತ್ತಕ್ಕೆ ಇಡಿ. ಅಪ್ಪನ ಮಾತ್ರೆ ಒಂಬತ್ತಕ್ಕೆ. ರಾಜಾಸೀಟ್ ಗೇಟಿನವರೆಗಾದರೂ ನಡೆಯುತ್ತೇನೆ ಅಂತ ಹಟ ಹಿಡಿದಿದ್ದಾರೆ.